ಮೂರು ಬೋರ್ ಫೇಲ್ ಆಗಿದೆ, ಅಣ್ಣ ನಾಲ್ಕನೇದಕ್ಕೆ ದುಡ್ಡು ಕೇಳುತ್ತಿದ್ದಾನೆ. ಏನು ಹೇಳಲಿ?

ಬದುಮನೆ:

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದ ಇದೆ, ಬೇಸರ ಮಾಡಿಕೊಳ್ಳದೆ ಓದಿ.

ನಮ್ಮದು ನಾಗಮಂಗಲ ತಾಲ್ಲೂಕು. ಮಂಡ್ಯ ಜಿಲ್ಲೆ ಅಂದರೆ ಹೊರಗಿನವರಿಗೆ ನಾಲೆ, ಗದ್ದೆ, ಕಬ್ಬು ಕಣ್ಣ ಮುಂದೆ ಬರುತ್ತದೆ. ನಮ್ಮ ಊರಿಗೆ ನಾಲೆ ನೀರಿಲ್ಲ. ಮಳೆ ಬಿಟ್ಟರೆ ಬೋರ್, ಅಷ್ಟೇ. ಅಣ್ಣ ಊರಿನಲ್ಲಿ ಬೇಸಾಯ ಮಾಡುತ್ತಾನೆ, ನಾನು ಮೈಸೂರಿನಲ್ಲಿ ಕೆಲಸದಲ್ಲಿದ್ದೇನೆ. ನಾಲ್ಕು ವರ್ಷದ ಹಿಂದೆ ಅಣ್ಣ ಎರಡು ಎಕರೆಗೆ ಅಡಿಕೆ ಇಟ್ಟ. ಆಗ ಅಪ್ಪನ ಕಾಲದ ಬೋರಿನಲ್ಲಿ ಎರಡು ಇಂಚು ನೀರಿತ್ತು. ಈಗ ಮೋಟಾರ್ ಹಾಕಿದರೆ ಇಪ್ಪತ್ತು ನಿಮಿಷ ಬರುತ್ತದೆ, ಆಮೇಲೆ ಬರೀ ಗಾಳಿ.

ಕಳೆದ ಎರಡು ವರ್ಷದಲ್ಲಿ ಮೂರು ಬೋರ್ ಕೊರೆಸಿದ. ಮೊದಲನೇದು 620 ಅಡಿ, ಬರೀ ಧೂಳು. ಎರಡನೇದು 800 ಅಡಿ, ಅದೂ ಧೂಳು. ಮೂರನೇದು ಕೊರೆಯುವ ರಾತ್ರಿ ನಾನೂ ಹೋಗಿದ್ದೆ. 700 ಅಡಿಯಲ್ಲಿ ಅರ್ಧ ಇಂಚು ನೀರು ಕಂಡಿತು. ಬೋರ್ ಕೊರೆಯುವ ಲಾರಿಯವನು "ಇನ್ನೊಂದು ನೂರಡಿ ಬುಡ್ಸಿ ಗೌಡ್ರೆ, ಕೆಳಗೆ ಜಾಸ್ತಿ ಐತೆ" ಅಂದ. ಬಿಟ್ಟೆವು. ಆಮೇಲೆ ಇನ್ನೊಂದು ನೂರು. ರಾತ್ರಿ ಎರಡು ಗಂಟೆ, ಮೈ ತುಂಬಾ ಕಲ್ಲಿನ ಪುಡಿ, ಅಣ್ಣ ಬದುವಿನ ಮೇಲೆ ಕೂತು ಪೈಪಿನ ಬಾಯನ್ನೇ ನೋಡುತ್ತಿದ್ದಾನೆ, ಅಂಥ ಹೊತ್ತಿನಲ್ಲಿ ಸಾಕು ನಿಲ್ಲಿಸೋಣ ಅನ್ನಲು ನನ್ನ ಬಾಯಿ ಬರಲಿಲ್ಲ. ಪ್ರತಿ ಸಲ ನಾನೂ ಹೂಂ ಅಂದೆ. 1,050 ಅಡಿಗೆ ನಿಂತಿತು. ಮೋಟಾರ್ ಇಳಿಸಿದರೆ ಆ ಅರ್ಧ ಇಂಚೂ ಹದಿನೈದು ದಿನಕ್ಕೆ ಹೋಯಿತು.

ಕೇಸಿಂಗ್ ಪೈಪು, ಎಲ್ಲಿ ಕೊರೆಯಬೇಕು ಅಂತ ಪಾಯಿಂಟ್ ಮಾಡಿಸಿದ್ದು, ಎಲ್ಲಾ ಸೇರಿ ನಾಲ್ಕು ಲಕ್ಷದ ಹತ್ತಿರ ಹೋಗಿದೆ. ಅತ್ತಿಗೆಯ ಸರ ಅಡ ಇದೆ. ಈಗ ನನ್ನ ಹತ್ತಿರ ಒಂದೂವರೆ ಲಕ್ಷ ಕೇಳುತ್ತಿದ್ದಾನೆ. "ಇಷ್ಟು ಹಾಕಿದೀವಿ, ಈಗ ಬುಟ್ರೆ ಎಲ್ಲಾ ಹಾಳಾಯ್ತದೆ. ಮೂರು ಹೋಗದೆ, ನಾಲ್ಕನೇದು ಬಂದೇ ಬತ್ತದೆ" ಅನ್ನುತ್ತಾನೆ.

ಅಣ್ಣ ದಡ್ಡನಲ್ಲ. ಸಂತೆಯಲ್ಲಿ ಹತ್ತು ರೂಪಾಯಿಗೆ ಚೌಕಾಸಿ ಮಾಡುವವನು. ಅಂಥವನು, ಅವನ ಜೊತೆಗೆ ನಾನೂ, ಯಾಕೆ ಹೀಗೆ ಹೋಗುತ್ತಿರುವ ಕಡೆಗೇ ದುಡ್ಡು ಸುರಿಯುತ್ತೇವೆ? ಅವನಿಗೆ ಏನಂತ ಹೇಳಲಿ?

ಆಲೆಮನೆ ಮಗಳು:

ಅಣ್ಣಾ, ಓದುತ್ತಾ ಹೋದ ಹಾಗೆ ನಮ್ಮ ಅಪ್ಪನನ್ನೇ ನೋಡಿದ ಹಾಗಾಯಿತು.

ನಮ್ಮದು ಮಂಡ್ಯ ತಾಲ್ಲೂಕು. ತಾತ ಕಟ್ಟಿದ ಆಲೆಮನೆ ಇತ್ತು. ನಾನು ಚಿಕ್ಕವಳಿದ್ದಾಗ ಸೀಸನ್ನಿನಲ್ಲಿ ಗಾಣ ನಿಲ್ಲುತ್ತಲೇ ಇರಲಿಲ್ಲ. ಸ್ಕೂಲಿಂದ ಬಂದು ಕೊಪ್ಪರಿಗೆ ಹತ್ತಿರ ನಿಂತರೆ ಬಿಸಿ ಬೆಲ್ಲ ಎಲೆ ಮೇಲೆ ಹಾಕಿಕೊಡುತ್ತಿದ್ದರು. ಆಮೇಲೆ ಒಂದೊಂದೇ ಕೈ ಕೊಟ್ಟಿತು. ಆಳು ಸಿಗಲಿಲ್ಲ. ಮುಂಗಡ ಇಸ್ಕೊಂಡವರು ಅರ್ಧ ಸೀಸನ್ನಿಗೆ ಊರಿಗೆ ಹೋದರು. ಬೆಲ್ಲದ ರೇಟು ಬಿತ್ತು. ಅಪ್ಪ ಪ್ರತಿ ವರ್ಷ "ಇದೊಂದು ಸೀಸನ್ ನೋಡೋಣ" ಅನ್ನುತ್ತಿದ್ದರು. ಹಾಗೆ ಆರು ವರ್ಷ ನೋಡಿದರು. ನಾಲ್ಕನೇ ವರ್ಷ, ಪೂರ್ತಿ ನಷ್ಟದಲ್ಲಿದ್ದಾಗ, ಸಾಲ ಮಾಡಿ ಹೊಸ ಗಾಣ ತಂದರು. ಹಳೆಯದು ಸರಿ ಅರೆಯುತ್ತಿಲ್ಲ, ಅದಕ್ಕೇ ನಷ್ಟ ಅಂತ ಅವರ ವಾದ.

ನಾನೂ ನನ್ನ ತಮ್ಮನೂ ಲೆಕ್ಕದ ಪುಸ್ತಕ ಇಟ್ಟುಕೊಂಡು ಜಗಳ ಆಡಿದೆವು. ನಾವು ಎಷ್ಟು ಲೆಕ್ಕ ತೋರಿಸಿದೆವೋ ಅಷ್ಟು ಗಟ್ಟಿಯಾಗಿ ಅವರು ಅದನ್ನು ಹಿಡಿದುಕೊಂಡರು. ಈಗ ಅರ್ಥ ಆಗುತ್ತದೆ. ನಾವು ತೋರಿಸುತ್ತಿದ್ದ ಪ್ರತಿಯೊಂದು ಅಂಕಿಯೂ ಅವರಿಗೆ "ನೀನು ತಪ್ಪು ಮಾಡಿದೆ, ನೀನು ತಪ್ಪು ಮಾಡಿದೆ" ಅಂತಲೇ ಕೇಳಿಸುತ್ತಿತ್ತು. ಮುಚ್ಚಿಬಿಟ್ಟರೆ ಅದನ್ನು ಒಪ್ಪಿಕೊಂಡ ಹಾಗೆ. ನಡೆಸುತ್ತಿರುವವರೆಗೆ ಇನ್ನೂ ತೀರ್ಪು ಬಂದಿಲ್ಲ ಅನ್ನೋ ಸಮಾಧಾನ.

ಕೊನೆಗೆ ಒಂದು ವರ್ಷ ಹೊಸತೊಡಕಿನ ದಿನ ದೊಡ್ಡಪ್ಪ ಬಂದಿದ್ದರು. ಊಟ ಆದಮೇಲೆ ಜಗುಲಿ ಮೇಲೆ ಕೂತು ಒಂದೇ ಮಾತು ಹೇಳಿದರು. "ಅಪ್ಪ ಇದ್ದಿದ್ರೂ ಇದನ್ನ ಮುಚ್ತಿದ್ದ ಕಣ್ಲಾ. ನೀನು ಮೂರು ವರ್ಷ ಜಾಸ್ತಿನೇ ಎಳ್ದಿದ್ದೀಯ." ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಮುಂದಿನ ತಿಂಗಳು ಗಾಣ ಮಾರಿದರು.

ನಿಮ್ಮ ಅಣ್ಣನಿಗೂ ಆ ಮಾತು ಬೇಕು ಅಂತ ನನಗನ್ನಿಸುತ್ತದೆ. ಅಡಿಕೆ ಹಾಕಿದಾಗ ನೀರಿತ್ತು, ನೀನು ಮಾಡಿದ್ದು ಸರಿಯಾಗೇ ಇತ್ತು ಅಂತ ಯಾರಾದರೂ ಹೇಳಬೇಕು. ಅದನ್ನು ನೀವೇ ಹೇಳಿ.

ಗಂಗೋತ್ರಿ ಹಳೇ ವಿದ್ಯಾರ್ಥಿ:

ಮೇಲಿನ ಅಕ್ಕ ಹೇಳಿದ್ದಕ್ಕೆ ಗಟ್ಟಿ ಆಧಾರ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

1976ರಲ್ಲಿ ಬ್ಯಾರಿ ಸ್ಟಾ ಅನ್ನೋ ಅಮೆರಿಕದ ಸಂಶೋಧಕರು 240 ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಒಂದು ಪ್ರಯೋಗ ಮಾಡಿದರು. ಒಂದು ಕಂಪನಿ, ಅದರಲ್ಲಿ ಎರಡು ವಿಭಾಗ, ಯಾವುದಕ್ಕೆ ದುಡ್ಡು ಕೊಡಬೇಕು ಅಂತ ಆರಿಸಬೇಕು. ಅರ್ಧ ಜನ ತಾವೇ ಆರಿಸಿದರು. ಉಳಿದವರಿಗೆ ಹಿಂದಿನ ಅಧಿಕಾರಿ ಆಗಲೇ ಆರಿಸಿಬಿಟ್ಟಿದ್ದಾನೆ ಅಂತ ಹೇಳಿದರು. ಆಮೇಲೆ ಕೆಲವರಿಗೆ ಆ ವಿಭಾಗ ಚೆನ್ನಾಗಿ ನಡೆಯುತ್ತಿದೆ ಅಂತಲೂ, ಕೆಲವರಿಗೆ ನಷ್ಟದಲ್ಲಿದೆ ಅಂತಲೂ ತೋರಿಸಿ, ಇನ್ನೊಂದು ಕಂತು ದುಡ್ಡು ಹಂಚಿ ಅಂದರು. ಎಲ್ಲರಿಗಿಂತ ಜಾಸ್ತಿ ದುಡ್ಡು ಕೊಟ್ಟವರು ಯಾರು ಗೊತ್ತಾ? ತಾವೇ ಆರಿಸಿ, ನಷ್ಟ ಕಂಡವರು. ಬೇರೆಯವರ ತಪ್ಪಾಗಿದ್ದರೆ ಕೈ ಹಿಂದೆ ತೆಗೆಯುವುದು ಸುಲಭ. ನಮ್ಮದೇ ನಿರ್ಧಾರ ಆಗಿದ್ದರೆ ಅದನ್ನು ಸರಿ ಅಂತ ತೋರಿಸಲು ಇನ್ನೊಂದಿಷ್ಟು ಹಾಕುತ್ತೇವೆ. ಹಾಗಾಗಿ ಅಣ್ಣ ದಡ್ಡನಲ್ಲ ಅಂತ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಜವಾಬ್ದಾರಿ ಹೊತ್ತವನಿಗೇ ಇದು ಜಾಸ್ತಿ ಹಿಡಿಯುತ್ತದೆ.

ಸರ್ಕಾರಗಳಿಗೂ ಹೀಗೇ. ಬ್ರಿಟನ್ ಮತ್ತು ಫ್ರಾನ್ಸ್ 1962ರಲ್ಲಿ ಸೇರಿ ಕಾನ್ಕಾರ್ಡ್ ವಿಮಾನ ಕಟ್ಟಲು ಒಪ್ಪಂದ ಮಾಡಿಕೊಂಡವು. ಖರ್ಚು ಏರುತ್ತಾ ಹೋಯಿತು, ಕೊಳ್ಳುವವರು ಹಿಂದೆ ಸರಿದರು, ಆದರೂ ಎರಡೂ ಸರ್ಕಾರ ನಿಲ್ಲಿಸಲಿಲ್ಲ. 1976ರಲ್ಲಿ ಪ್ರಯಾಣಿಕರ ಹಾರಾಟ ಶುರುವಾದಾಗ ಓಡಿಸಿದ್ದು ಆ ಎರಡು ದೇಶದ ವಿಮಾನ ಕಂಪನಿಗಳು ಮಾತ್ರ, ಅದೂ ಎಲ್ಲಾ ಸೇರಿ ಬರೀ 14 ವಿಮಾನ. 2003ಕ್ಕೆ ನಿಂತಿತು. ಹಾಕಿದ ದುಡ್ಡಿನ ಮುಖ ನೋಡಿ ಮತ್ತೆ ದುಡ್ಡು ಹಾಕುವ ಈ ಅಭ್ಯಾಸಕ್ಕೆ ಆ ವಿಮಾನದ ಹೆಸರನ್ನೇ ಇಟ್ಟುಬಿಟ್ಟಿದ್ದಾರೆ.

ಇನ್ನೊಂದು ಪ್ರಯೋಗ, ಇದು ನಿಮಗೆ ಕೆಲಸಕ್ಕೆ ಬರಬಹುದು. 1985ರಲ್ಲಿ ಆರ್ಕ್ಸ್ ಮತ್ತು ಬ್ಲೂಮರ್ ಅನ್ನುವವರು ನಾಟಕದ ಇಡೀ ಸೀಸನ್ನಿನ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ತಿ ಬೆಲೆಗೆ, ಕೆಲವರಿಗೆ ರಿಯಾಯ್ತಿಯಲ್ಲಿ ಟಿಕೆಟ್ ಕೊಟ್ಟರು. ಯಾರಿಗೆ ಯಾವುದು ಅನ್ನೋದು ಚೀಟಿ ಎತ್ತಿದ ಹಾಗೆ. ಸೀಸನ್ನಿನ ಮೊದಲ ಅರ್ಧದಲ್ಲಿ ಪೂರ್ತಿ ಬೆಲೆ ಕೊಟ್ಟವರು ಜಾಸ್ತಿ ನಾಟಕಕ್ಕೆ ಹೋದರು. ಎರಡನೇ ಅರ್ಧಕ್ಕೆ ಬರುವ ಹೊತ್ತಿಗೆ ಆ ವ್ಯತ್ಯಾಸ ಹೇಳಿಕೊಳ್ಳುವಷ್ಟು ಉಳಿಯಲಿಲ್ಲ. ಕೊಟ್ಟ ದುಡ್ಡಿನ ಭಾರ ದಿನ ಕಳೆದ ಹಾಗೆ ಇಳಿಯುತ್ತದೆ. ಮೂರನೇ ಬೋರ್ ಹೋಗಿ ಎಷ್ಟು ದಿನ ಆಯಿತು? ಆ ಗಾಯ ಹಸಿ ಇರುವಾಗಲೇ ನಾಲ್ಕನೇದನ್ನು ತೀರ್ಮಾನ ಮಾಡಬೇಡಿ.

ಕಲ್ಲುಬಂಡೆ:

ತಮ್ಮಾ, ನಾನು ಅಂತರ್ಜಲದ ಸರ್ವೆ ಕೆಲಸದಲ್ಲಿ ವರ್ಷಗಟ್ಟಲೆ ಇದ್ದವನು. ಮನಸ್ಸಿನ ವಿಷಯ ಮೇಲಿನವರು ಹೇಳಿದ್ದಾರೆ, ನಾನು ನೆಲದ ವಿಷಯ ಹೇಳುತ್ತೇನೆ.

"ಮೂರು ಹೋಗಿದೆ, ನಾಲ್ಕನೇದು ಬಂದೇ ಬರುತ್ತದೆ" ಅನ್ನೋ ಮಾತು ತಪ್ಪು. ನೆಲ ನಮ್ಮ ಲೆಕ್ಕ ಇಟ್ಟುಕೊಂಡಿರುವುದಿಲ್ಲ. ಮೂರು ಸಲ ಧೂಳು ಕೊಟ್ಟಿದ್ದೀನಿ, ಈ ಸಲ ನೀರು ಕೊಡೋಣ ಅಂತ ಅದಕ್ಕೇನೂ ಇಲ್ಲ. ಅದೇ ಎರಡು ಎಕರೆಯಲ್ಲಿ ಮೂರು ಕಡೆ ಒಣಗಿದ್ದರೆ ಸಾಧ್ಯತೆ ಇನ್ನೂ ಕಡಿಮೆ ಅಂತಲೇ ತಿಳಿಯಬೇಕು.

ನಮ್ಮ ಕಡೆ ಕೆಳಗಿರೋದು ಗಟ್ಟಿ ಬಂಡೆ. ಗ್ರಾನೈಟು, ನೈಸ್ ಅನ್ನೋ ಜಾತಿಯ ಕಲ್ಲು. ಆ ಕಲ್ಲಿನೊಳಗೆ ನೀರು ಇರುವುದಿಲ್ಲ, ಕಲ್ಲಿನ ಬಿರುಕಿನಲ್ಲಿ ಇರುತ್ತದೆ, ಮತ್ತೆ ಮೇಲುಗಡೆ ಕೊಳೆತು ಪುಡಿಯಾದ ಪದರದಲ್ಲಿ ಇರುತ್ತದೆ. ಕೆಳಗೆ ಹೋದ ಹಾಗೆ ಮೇಲಿನ ಭಾರಕ್ಕೆ ಬಿರುಕುಗಳು ಮುಚ್ಚಿಕೊಳ್ಳುತ್ತವೆ, ಕಡಿಮೆಯೂ ಆಗುತ್ತವೆ. ಎಲ್ಲೋ ಅಪರೂಪಕ್ಕೆ ಆಳದಲ್ಲಿ ಒಂದು ಬಿರುಕು ಸಿಕ್ಕಿ ನೀರು ಹಾರುತ್ತದೆ, ಆ ಒಂದು ಬೋರಿನ ಕಥೆಯನ್ನು ಹತ್ತು ಊರಿನವರು ಹೇಳಿಕೊಂಡು ತಿರುಗುತ್ತಾರೆ, ಸುಮ್ನೆ ಮುಚ್ಚಿಹೋದ ಬೋರುಗಳ ಕಥೆ ಯಾರೂ ಹೇಳುವುದಿಲ್ಲ. ನಿಮ್ಮ 700 ಅಡಿಯ ಅರ್ಧ ಇಂಚು ಹದಿನೈದು ದಿನಕ್ಕೆ ಹೋಯಿತು ಅಂದರೆ ಆ ಬಿರುಕಿಗೆ ಬೇರೆ ಕಡೆಯಿಂದ ನೀರು ಬಂದು ಸೇರುತ್ತಿಲ್ಲ. ಇದ್ದದ್ದು ಖಾಲಿ ಆಯಿತು, ಅಷ್ಟೇ.

ಲಾರಿಯವನನ್ನು ನಾನು ಬೈಯುವುದಿಲ್ಲ, ಅವನದು ಅವನ ಹೊಟ್ಟೆಪಾಡು. ಆದರೆ ಅವನಿಗೆ ಕೂಲಿ ಅಡಿ ಲೆಕ್ಕದಲ್ಲಿ. ಆಳ ಹೋದ ಹಾಗೆ ಅಡಿಯ ರೇಟೂ ಜಾಸ್ತಿ. ನೀರು ಬಂದರೂ ಬರದಿದ್ದರೂ ಅವನ ದುಡ್ಡು ಅವನಿಗೆ ಬರುತ್ತದೆ. ಹಾಗಿದ್ದಾಗ ಎಲ್ಲಿ ನಿಲ್ಲಿಸಬೇಕು ಅಂತ ಅವನನ್ನು ಕೇಳಬಾರದು. ರಾತ್ರಿ ಎರಡು ಗಂಟೆಗೆ ನಿಮ್ಮನ್ನು ನೀವೂ ಕೇಳಿಕೊಳ್ಳಬಾರದು. ಎಷ್ಟು ಅಡಿಗೆ ನಿಲ್ಲಿಸುತ್ತೇವೆ ಅನ್ನೋದನ್ನು ಲಾರಿ ಹೊಲಕ್ಕೆ ಬರುವ ಮೊದಲೇ, ಹಗಲಲ್ಲಿ, ಮನೆಯವರೆಲ್ಲ ಕೂತು ತೀರ್ಮಾನ ಮಾಡಿ ಬರೆದಿಡಬೇಕು.

ತೆಂಗಿನಕಾಯಿ, ಬೇವಿನ ಕಡ್ಡಿ ಹಿಡಿದು ಪಾಯಿಂಟ್ ಮಾಡಿಸಿದ್ದು ಸಾಕು. ಒಬ್ಬ ಭೂವಿಜ್ಞಾನಿಯನ್ನು ಕರೆಸಿ, ನೆಲಕ್ಕೆ ಕರೆಂಟು ಹರಿಸಿ ಅಳೆಯುವ ರೆಸಿಸ್ಟಿವಿಟಿ ಸರ್ವೆ ಮಾಡಿಸಿ. ಅದೂ ಗ್ಯಾರಂಟಿ ಅಲ್ಲ. ಆದರೆ "ಇಲ್ಲಿ ಬೇಡ" ಅಂತ ಅವರು ಹೇಳಿದರೆ ಅದೊಂದೇ ಮಾತಿಗೆ ನಿಮ್ಮ ಒಂದೂವರೆ ಲಕ್ಷ ಉಳಿಯುತ್ತದೆ.

ಇನ್ನೊಂದು, ಇದು ಎಲ್ಲಕ್ಕಿಂತ ಮುಖ್ಯ. ಆ ಮೂರು ಬೋರುಗಳ ಬಾಯಿ ಮುಚ್ಚಿದ್ದೀರಾ? ಗೋಣಿಚೀಲ ಕಟ್ಟಿ ಮೇಲೆ ಕಲ್ಲಿಟ್ಟರೆ ಅದು ಮುಚ್ಚಿದ ಹಾಗಲ್ಲ. ಬಿಟ್ಟುಬಿಟ್ಟ ಬೋರನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು ಕಲ್ಲು ತುಂಬಿಸಿ ಮುಚ್ಚಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಮಕ್ಕಳು ಓಡಾಡುವ ಜಾಗ. ಇವತ್ತೇ ನೋಡಿ.

ಶುಂಠಿ ಗುತ್ತಿಗೆ:

ಎಚ್.ಡಿ. ಕೋಟೆ ಕಡೆ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಹಾಕಿದ್ದೆ. ಮೊದಲ ವರ್ಷ ಕೊಳೆರೋಗ ಬಂದು ಅರ್ಧ ಹೋಯಿತು. ಹೋದದ್ದನ್ನು ವಾಪಸ್ ತೆಗೆಯಬೇಕು ಅಂತ ಎರಡನೇ ವರ್ಷ ಡಬಲ್ ಜಮೀನು ಹಿಡಿದೆ. ಆ ವರ್ಷ ಬೆಳೆ ಬಂತು, ರೇಟು ಬರಲಿಲ್ಲ. ಸಾಲ ತೀರಿಸಲು ಮೂರು ವರ್ಷ ಬೇಕಾಯಿತು. ಈಗ ಯೋಚಿಸಿದರೆ, ಎರಡನೇ ವರ್ಷ ನಾನು ಶುಂಠಿಗೆ ದುಡ್ಡು ಹಾಕಲೇ ಇಲ್ಲ. ಮೊದಲನೇ ವರ್ಷದ ನಷ್ಟಕ್ಕೆ ಹಾಕಿದೆ. ಮೊದಲ ವರ್ಷ ನನಗೆ ನಷ್ಟವೇ ಆಗಿರದಿದ್ದರೆ ಅಷ್ಟು ಜಮೀನು ಖಂಡಿತ ಹಿಡಿಯುತ್ತಿರಲಿಲ್ಲ.

ಅಣ್ಣನನ್ನು ಇದೊಂದು ಕೇಳಿ. ಆ ನಾಲ್ಕು ಲಕ್ಷ ಹೋಗಿಯೇ ಇಲ್ಲ, ಇದೇ ಮೊದಲ ಬೋರು ಅಂದುಕೊಂಡರೆ, ಈ ನೆಲದ ಬಗ್ಗೆ ಇವತ್ತು ಗೊತ್ತಿರುವುದೆಲ್ಲ ಗೊತ್ತಿದ್ದೂ ಕೊರೆಸುತ್ತೀಯಾ?

ಮೇಲುಕೋಟೆ ರಸ್ತೆ:

ಎಲ್ಲರೂ ನಿಲ್ಲಿಸಿ ನಿಲ್ಲಿಸಿ ಅನ್ನುತ್ತಿದ್ದೀರಿ. ನಾನು ಅಡಿಕೆ ಇಟ್ಟವನು, ನನಗೊಂದು ಮಾತು ಹೇಳಲು ಬಿಡಿ.

ಗಾಣ ಮಾರಬಹುದು, ಗುತ್ತಿಗೆ ಬಿಡಬಹುದು. ಗಿಡಕ್ಕೆ ಜೀವ ಇದೆ. ಬೇಸಿಗೆಯಲ್ಲಿ ಗರಿ ಹಳದಿ ತಿರುಗಿ ಜೋತು ಬೀಳುವುದನ್ನು ದಿನಾ ಬೆಳಿಗ್ಗೆ ಎದ್ದು ನೋಡಬೇಕಲ್ವಾ, ಅದು ಮೈಸೂರಿನಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ. ತಪ್ಪು ತಿಳಿಯಬೇಡಿ. ಅಣ್ಣ ದುಡ್ಡಿನ ಹಿಂದೆ ಹೋಗಿ ದುಡ್ಡು ಹಾಕುತ್ತಿಲ್ಲ, ನಾಲ್ಕು ವರ್ಷ ಸಾಕಿದ ತೋಟ ಉಳಿಸಲು ನೋಡುತ್ತಿದ್ದಾನೆ. ನಾಲ್ಕು ವರ್ಷದ ಅಡಿಕೆ ಇನ್ನೊಂದೆರಡು ವರ್ಷಕ್ಕೆ ಫಸಲಿಗೆ ಬರುತ್ತದೆ. ಹೋದ ನಾಲ್ಕು ಲಕ್ಷಕ್ಕೆ ಬೆಲೆ ಇಲ್ಲ ಅನ್ನಿ, ಒಪ್ಪುತ್ತೇನೆ. ನಿಂತಿರುವ ಗಿಡಕ್ಕೆ ಬೆಲೆ ಇದೆ. ಅವೆರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಇನ್ನು ಎಲ್ಲರೂ ನಷ್ಟ ನೋಡಿ ನಿಲ್ಲಿಸಿದ್ದರೆ ಕನ್ನಂಬಾಡಿ ಕಟ್ಟೆಯೇ ಇರುತ್ತಿರಲಿಲ್ಲ. 1911ರಲ್ಲಿ ಕೆಲಸ ಶುರುವಾಗಿ ಮುಗಿಯಲು ಇಪ್ಪತ್ತು ವರ್ಷ ಹಿಡಿಯಿತು. ಮಧ್ಯೆ ಮಹಾಯುದ್ಧ ಬಂತು, ಕಾವೇರಿ ನೀರಿಗೆ ಮದರಾಸಿನ ಜೊತೆ ತಕರಾರು ಬಂತು, ಅದರ ಒಪ್ಪಂದ ಆಗಲು 1924 ಆಗಬೇಕಾಯಿತು. ಮುಂದೆ ನಿಂತು ಕಟ್ಟಿಸಿದ ವಿಶ್ವೇಶ್ವರಯ್ಯನವರು 1918ಕ್ಕೇ ದಿವಾನಗಿರಿ ಬಿಟ್ಟಿದ್ದರು. ಆದರೂ ಮುಂದುವರೆಸಿದರು. ಆ ನೀರಿನಿಂದಲೇ ಅಲ್ಲವಾ ಮಂಡ್ಯ ಮಂಡ್ಯ ಆಗಿದ್ದು.

ಕಲ್ಲುಬಂಡೆ:

ಮೇಲುಕೋಟೆಯವರೇ, ಗಿಡದ ಮಾತು ಸರಿ, ನಾನು ಅದನ್ನು ಬಿಟ್ಟೇಬಿಟ್ಟಿದ್ದೆ. ಕನ್ನಂಬಾಡಿ ಹೋಲಿಕೆ ಮಾತ್ರ ನನಗೆ ಸರಿ ಕಾಣಲಿಲ್ಲ. ಅಲ್ಲಿ ಕಾವೇರಿ ಕಣ್ಣ ಮುಂದೆ ಹರಿಯುತ್ತಿತ್ತು. ನೀರು ಇದೆಯೋ ಇಲ್ಲವೋ ಅನ್ನೋ ಅನುಮಾನ ಯಾರಿಗೂ ಇರಲಿಲ್ಲ. 1902ರಿಂದಲೇ ಅದೇ ಹೊಳೆ ನೀರಿನಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗುತ್ತಿತ್ತು, ಬೇಸಿಗೆಯಲ್ಲಿ ಹೊಳೆ ಇಳಿದರೆ ಅದಕ್ಕೆ ತೊಂದರೆ. ಕಟ್ಟೆ ಒಂದಷ್ಟು ಎತ್ತರ ಬಂದರೂ ಅಷ್ಟು ನೀರು ನಿಲ್ಲುತ್ತದೆ, ಅಷ್ಟರಮಟ್ಟಿಗೆ ಉಪಯೋಗ. ಬೋರು ಹಾಗಲ್ಲ. 900 ಅಡಿ ಕೊರೆದ ಒಣ ಬೋರು 100 ಅಡಿ ಕೊರೆದ ಒಣ ಬೋರಿಗಿಂತ ಒಂದು ಚೊಂಬು ನೀರೂ ಜಾಸ್ತಿ ಕೊಡುವುದಿಲ್ಲ.

ಗಿಡ ಉಳಿಸುವುದೇ ಮುಖ್ಯ ಆದರೆ ಬೋರೊಂದೇ ದಾರಿ ಅಲ್ಲ. ಹನಿ ನೀರಾವರಿ ಇದೆಯಾ? ಆ ಇಪ್ಪತ್ತು ನಿಮಿಷದ ನೀರನ್ನು ದಿನಕ್ಕೆ ಮೂರು ಸಲ ಬಿಟ್ಟು ಬಿಟ್ಟು ಎತ್ತಿ ತೊಟ್ಟಿಗೆ ತುಂಬಿಸಿಕೊಂಡರೆ ಎಷ್ಟು ಗಿಡಕ್ಕೆ ಸಾಲುತ್ತದೆ, ಅಳೆಯಿರಿ. ಎರಡು ಎಕರೆ ಉಳಿಯದಿದ್ದರೂ ಅರ್ಧ ಎಕರೆ ಉಳಿಯಬಹುದು. ಬುಡಕ್ಕೆ ಗರಿ, ಸೋಗೆ ಹಾಸಿ. ಕೃಷಿ ಹೊಂಡಕ್ಕೆ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಸಹಾಯಧನ ಕೊಡುತ್ತಾರೆ, ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಬದುಮನೆ:

ಭಾನುವಾರ ಊರಿಗೆ ಹೋಗಿದ್ದೆ. ಎಲ್ಲರಿಗೂ ಹೇಳಬೇಕು ಅಂತ ಬರೆಯುತ್ತಿದ್ದೇನೆ.

ಬೋರಿನ ಬಾಯಿ ಮುಚ್ಚುವ ಕೆಲಸವನ್ನೇ ಮೊದಲು ಹಿಡಿದೆವು. ಕಲ್ಲುಬಂಡೆ ಅವರೇ, ನೀವು ಹೇಳಿದ್ದು ನಿಜ, ಎರಡಕ್ಕೆ ಬರೀ ಗೋಣಿಚೀಲ ಕಟ್ಟಿತ್ತು. ನಾನೂ ಅಣ್ಣನೂ ಮಂಕರಿಯಲ್ಲಿ ಮಣ್ಣು ಹೊತ್ತು ಸುರಿದೆವು. ಮೂರನೇ ಬೋರಿಗೆ ಸುರಿಯುವಾಗ ಅಣ್ಣ ನಿಂತುಬಿಟ್ಟ. "ಇದರೊಳಗೆ ಏನೇನು ಹೋಯ್ತು ನೋಡು" ಅಂದ. ಆಗ ಹೇಳಿದೆ. ಆ ರಾತ್ರಿ ನಾನೂ ಇಲ್ಲೇ ಇದ್ದೆ, ಪ್ರತಿ ನೂರಡಿಗೂ ನಾನೂ ಹೂಂ ಅಂದಿದ್ದೇನೆ, ಇದು ನಿನ್ನೊಬ್ಬನ ತಪ್ಪಲ್ಲ, ನೀನು ಅಡಿಕೆ ಹಾಕಿದಾಗ ಎರಡು ಇಂಚು ನೀರು ನಾನೇ ಕಣ್ಣಾರೆ ನೋಡಿದ್ದೆ ಅಂದೆ. ಅವನು ಏನೂ ಹೇಳಲಿಲ್ಲ. ಮಂಕರಿ ಎತ್ತಿಕೊಂಡು ಮತ್ತೆ ಮಣ್ಣಿಗೆ ಹೋದ.

ಶುಂಠಿ ಅಣ್ಣನವರ ಪ್ರಶ್ನೆಯನ್ನು ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. ಮುದ್ದೆ ಮುರಿಯುತ್ತಾ ತುಂಬಾ ಹೊತ್ತು ಯೋಚಿಸಿ "ಇಲ್ಲ, ಕೊರೆಸ್ತಿರ್ಲಿಲ್ಲ" ಅಂದ. ಆದರೆ ತೋಟ ಬಿಡಲು ಒಪ್ಪಲಿಲ್ಲ. ಮೇಲುಕೋಟೆಯವರೇ, ನಾನೂ ಒತ್ತಾಯ ಮಾಡಲಿಲ್ಲ, ಬೆಳಿಗ್ಗೆ ಎದ್ದು ಗಿಡ ನೋಡಿದ್ದೆ. ರಸ್ತೆ ಕಡೆಯ ಅರ್ಧ ಎಕರೆ ಇನ್ನೂ ಹಸಿರಾಗಿದೆ, ಅದಕ್ಕೆ ಮಾತ್ರ ಹನಿ ನೀರಾವರಿ ಪೈಪ್ ಹಾಕೋಣ ಅಂತ ಆಗಿದೆ. ಉಳಿದದ್ದಕ್ಕೆ ಮಳೆ ಬಂದಷ್ಟು.

ಗುರುವಾರ ಸರ್ವೆಯವರು ಬರುತ್ತಾರೆ. ಬೇಡ ಅಂದರೆ ಬೇಡ. ಕೊರೆಸಬಹುದು ಅಂದರೆ 500 ಅಡಿ, ಅದರ ಮೇಲೆ ಒಂದಡಿಯೂ ಇಲ್ಲ. ಅದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಅಣ್ಣನೇ ಪೆನ್ನಿನಲ್ಲಿ ಬರೆದಿದ್ದಾನೆ. ಆ ರಾತ್ರಿ ಬಂದರೆ ಅವನು ಕ್ಯಾಲೆಂಡರ್ ನೋಡುತ್ತಾನೋ ಪೈಪಿನ ಬಾಯಿ ನೋಡುತ್ತಾನೋ ನನಗೆ ಈಗಲೂ ಭಯ ಇದೆ. ನಾನು ರಜ ಹಾಕಿ ಹೋಗುತ್ತೇನೆ.

ಆಲೆಮನೆ ಮಗಳು:

ಕಣ್ಣಲ್ಲಿ ನೀರು ಬಂತು ಅಣ್ಣಾ. ಅತ್ತಿಗೆ ಏನಂದರು?

ಬದುಮನೆ:

ಅತ್ತಿಗೆ ಜಾಸ್ತಿ ಮಾತಾಡಲಿಲ್ಲ. ನಾನೇ ಹೇಳಿದೆ, ನನ್ನ ಒಂದೂವರೆ ಲಕ್ಷದಲ್ಲಿ ಮೊದಲು ಸರ ಬಿಡಿಸಿಕೊಂಡು ಬರೋಣ, ಉಳಿದದ್ದು ಆಮೇಲೆ ಅಂತ. ನಾಳೆ ನಾಗಮಂಗಲಕ್ಕೆ ಹೋಗುತ್ತಿದ್ದೇವೆ.